ಸರದಿ ತಪ್ಪಿಸುವ ಸದಸ್ಯತ್ವ: ಕಾಸಿಗೆ ತಕ್ಕ ಕಜ್ಜಾಯವೇ?

ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಶುಲ್ಕ ತೆತ್ತು ಪಡೆಯುವ ಶೀಘ್ರ ತಪಾಸಣೆ ಯೋಜನೆಗಳ ಕುರಿತು ಒಂದು ಮಾಹಿತಿ

ವಿಮಾನ ಹೊರಡಲು ಇನ್ನು ಒಂದು ಗಂಟೆ ಮಾತ್ರ ಉಳಿದಿದೆ. ಭದ್ರತಾ ತಪಾಸಣೆಯ ಸಾಲು ಹಾವಿನಂತೆ ಸುತ್ತಿಕೊಂಡು ನಿಂತಿದೆ. ಪಕ್ಕದಲ್ಲೇ ಇನ್ನೊಂದು ಸಾಲು. ಅಲ್ಲಿ ಹತ್ತೇ ಮಂದಿ. ಅವರು ಬೆಲ್ಟ್ ಬಿಚ್ಚುತ್ತಿಲ್ಲ, ಲ್ಯಾಪ್‌ಟಾಪ್ ಹೊರತೆಗೆಯುತ್ತಿಲ್ಲ, ನಿಮಿಷಗಳಲ್ಲಿ ಒಳಗೆ ಹೋಗುತ್ತಿದ್ದಾರೆ. ಅದರಾಚೆ ಮೂರನೆಯ ಸಾಲೊಂದಿದೆ. ಅಲ್ಲಿ ಸಮವಸ್ತ್ರ ತೊಟ್ಟ ಖಾಸಗಿ ಸಂಸ್ಥೆಯ ನೌಕರನೊಬ್ಬ ಪ್ರಯಾಣಿಕರನ್ನು ಕರೆದೊಯ್ದು ನೇರವಾಗಿ ಸಾಲಿನ ತಲೆಗೆ ನಿಲ್ಲಿಸುತ್ತಿದ್ದಾನೆ.

ಅಮೆರಿಕದ ಯಾವುದೇ ದೊಡ್ಡ ವಿಮಾನ ನಿಲ್ದಾಣದಲ್ಲಿ ಕಾಣಸಿಗುವ ದೃಶ್ಯವಿದು. ಒಂದೇ ವಿಮಾನ ಏರುವವರಿಗೆ ಮೂರು ದಾರಿಗಳಿವೆ, ಅವುಗಳಲ್ಲಿ ಎರಡಕ್ಕೆ ಹಣ ಕೊಡಬೇಕು. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಕೆಲಸದ ನಿಮಿತ್ತ ಆಗಾಗ ಹೋಗಿಬರುವ ಬೆಂಗಳೂರಿನ ತಂತ್ರಜ್ಞರಿಗೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಈ ಸದಸ್ಯತ್ವ ಪಡೆಯುವುದು ಲಾಭವೋ, ದುಂದೋ?

ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ವರ್ಷಕ್ಕೆ ಎಷ್ಟು ಪ್ರಯಾಣ, ಕೈಯಲ್ಲಿರುವ ಪಾಸ್‌ಪೋರ್ಟ್ ಯಾವುದು, ಜತೆಗೆ ಯಾರು ಬರುತ್ತಾರೆ ಎಂಬ ಮೂರು ಅಂಶಗಳನ್ನು ಉತ್ತರ ಅವಲಂಬಿಸಿದೆ.

ಸಾಲು ಉದ್ದವಾದದ್ದು ಹೇಗೆ?

2001ರ ಸೆಪ್ಟೆಂಬರ್ 11ರ ದಾಳಿಗೆ ಮುನ್ನ ಅಮೆರಿಕದ ನಿಲ್ದಾಣಗಳ ತಪಾಸಣೆಯನ್ನು ವಿಮಾನಯಾನ ಸಂಸ್ಥೆಗಳು ಖಾಸಗಿ ಗುತ್ತಿಗೆದಾರರಿಂದ ನಡೆಸುತ್ತಿದ್ದವು. ಆ ವರ್ಷದ ನವೆಂಬರ್ 19ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಕಾನೂನಿನ ಮೂಲಕ ಸಾರಿಗೆ ಭದ್ರತಾ ಆಡಳಿತ, ಅಂದರೆ ಟಿಎಸ್‌ಎ, ಅಸ್ತಿತ್ವಕ್ಕೆ ಬಂತು. ಅದೇ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಿಂದ ಮಿಯಾಮಿಗೆ ಹೊರಟಿದ್ದ ವಿಮಾನದಲ್ಲಿ ರಿಚರ್ಡ್ ರೀಡ್ ಎಂಬಾತ ಬೂಟಿನಲ್ಲಿ ಅಡಗಿಸಿದ್ದ ಸ್ಫೋಟಕವನ್ನು ಸಿಡಿಸಲು ಯತ್ನಿಸಿ ಸಿಕ್ಕಿಬಿದ್ದ. 2006ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾಯಿತು. ಇವುಗಳ ಫಲವಾಗಿ ಎಲ್ಲರೂ ಬೂಟು ಕಳಚುವುದು, 100 ಮಿಲಿಲೀಟರಿಗಿಂತ ದೊಡ್ಡ ದ್ರವದ ಸೀಸೆಯನ್ನು ಕೈಚೀಲದಲ್ಲಿ ಒಯ್ಯದಿರುವುದು ಮುಂತಾದ ನಿಯಮಗಳು ಒಂದರ ಮೇಲೊಂದು ಬಂದವು. ಪ್ರತಿ ನಿಯಮವೂ ಪ್ರತಿ ಪ್ರಯಾಣಿಕನ ತಪಾಸಣೆಗೆ ಒಂದಿಷ್ಟು ಸಮಯವನ್ನು ಸೇರಿಸಿತು.

ಇತ್ತ ಪ್ರಯಾಣಿಕರ ಸಂಖ್ಯೆಯೂ ಏರುತ್ತಲೇ ಹೋಯಿತು. 2024ರ ಜುಲೈ 7ರಂದು ಮೊದಲ ಬಾರಿಗೆ ಒಂದೇ ದಿನ 30 ಲಕ್ಷಕ್ಕೂ ಹೆಚ್ಚು ಜನರ ತಪಾಸಣೆ ನಡೆಯಿತು. ಸಿಬ್ಬಂದಿ ಕಡಿಮೆಯಾದಾಗ ಏನಾಗುತ್ತದೆ ಎಂಬುದಕ್ಕೆ 2016ರ ಮೇ ತಿಂಗಳು ಸಾಕ್ಷಿ. ಆಗ ಷಿಕಾಗೊದ ಓಹೇರ್ ನಿಲ್ದಾಣದಲ್ಲಿ ತಪಾಸಣೆಯ ಸಾಲಿನಲ್ಲೇ ಸಿಲುಕಿ ನೂರಾರು ಮಂದಿ ವಿಮಾನ ತಪ್ಪಿಸಿಕೊಂಡರು. ಅನೇಕರು ನಿಲ್ದಾಣದಲ್ಲೇ ರಾತ್ರಿ ಕಳೆದರು. ಸಾಲಿನಲ್ಲಿ ನಿಲ್ಲುವ ಈ ಭಯವೇ ಸದಸ್ಯತ್ವ ಯೋಜನೆಗಳ ಬಂಡವಾಳ ಎಂದರೆ ತಪ್ಪಾಗಲಾರದು.

ಟಿಎಸ್‌ಎ ಪ್ರೀಚೆಕ್

ಇದು ಸರ್ಕಾರದ್ದೇ ಯೋಜನೆ. 2011ರ ಅಕ್ಟೋಬರ್‌ನಲ್ಲಿ ಅಟ್ಲಾಂಟ, ಡೆಟ್ರಾಯಿಟ್, ಮಿಯಾಮಿ ಹಾಗೂ ಡಲ್ಲಾಸ್ ನಿಲ್ದಾಣಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. 2013ರ ಕೊನೆಯಲ್ಲಿ ಸಾರ್ವಜನಿಕರ ಅರ್ಜಿಗೆ ತೆರೆದುಕೊಂಡಿತು. ಇದರ ಹಿಂದಿನ ತರ್ಕ ಸರಳ. ಪ್ರಯಾಣಿಕ ಮೊದಲೇ ಬೆರಳಚ್ಚು ನೀಡಿ, ತನ್ನ ಹಿನ್ನೆಲೆಯ ಪರಿಶೀಲನೆಗೆ ಒಪ್ಪಿಕೊಂಡರೆ, ನಿಲ್ದಾಣದಲ್ಲಿ ಅವನ ತಪಾಸಣೆಯನ್ನು ಹಗುರಗೊಳಿಸಬಹುದು. ಉಳಿದ ಸಿಬ್ಬಂದಿಯ ಗಮನವನ್ನು ಅಪರಿಚಿತರತ್ತ ಹರಿಸಬಹುದು.

ಅರ್ಜಿಯನ್ನು ಅಂತರ್ಜಾಲದಲ್ಲಿ ತುಂಬಿ, ಬಳಿಕ ನೋಂದಣಿ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ನೋಂದಣಿಯ ಹೊಣೆ ಹೊತ್ತ ಸಂಸ್ಥೆಯನ್ನು ಅವಲಂಬಿಸಿ ಶುಲ್ಕದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಐದು ವರ್ಷಕ್ಕೆ 80 ಡಾಲರ್ ಆಸುಪಾಸು ಎಂದು ಹಿಡಿಯಬಹುದು. ಬಹುತೇಕರಿಗೆ ಕೆಲವೇ ದಿನಗಳಲ್ಲಿ ಅನುಮೋದನೆ ದೊರೆಯುತ್ತದೆ. ಕೆಲವರಿಗೆ ಎರಡು ತಿಂಗಳವರೆಗೂ ಹಿಡಿಯಬಹುದು. ಅನುಮೋದನೆಯೊಂದಿಗೆ ಬರುವ 'ನೋನ್ ಟ್ರಾವೆಲರ್ ನಂಬರ್' ಎಂಬ ಗುರುತು ಸಂಖ್ಯೆಯನ್ನು ಪ್ರತಿ ಟಿಕೆಟ್ ಕಾಯ್ದಿರಿಸುವಾಗಲೂ ನಮೂದಿಸಬೇಕು. ಆಗ ಬೋರ್ಡಿಂಗ್ ಪಾಸ್ ಮೇಲೆ ಪ್ರೀಚೆಕ್ ಮುದ್ರೆ ಬೀಳುತ್ತದೆ. ಮುದ್ರೆ ಇಲ್ಲದಿದ್ದರೆ ಸದಸ್ಯನಾದರೂ ಸಾಮಾನ್ಯ ಸಾಲೇ ಗತಿ.

ಸದಸ್ಯರು ಬೆಲ್ಟ್, ಹಗುರ ಜಾಕೆಟ್ ತೆಗೆಯಬೇಕಿಲ್ಲ. ಲ್ಯಾಪ್‌ಟಾಪ್ ಹಾಗೂ ದ್ರವದ ಸಣ್ಣ ಸೀಸೆಗಳನ್ನು ಚೀಲದಿಂದ ಹೊರತೆಗೆಯಬೇಕಿಲ್ಲ. 200ಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ಈ ಸೌಲಭ್ಯವಿದೆ. ಸದಸ್ಯರಲ್ಲಿ ಶೇ 99ರಷ್ಟು ಮಂದಿ ಹತ್ತು ನಿಮಿಷಕ್ಕಿಂತ ಕಡಿಮೆ ಕಾಯುತ್ತಾರೆ ಎಂಬುದು ಟಿಎಸ್‌ಎ ಹೇಳಿಕೆ. ಆದರೆ ಇದು ಸರಾಸರಿಯ ಮಾತು. ಹಬ್ಬದ ವಾರಾಂತ್ಯದ ಬೆಳಗ್ಗೆ ದೊಡ್ಡ ನಿಲ್ದಾಣದಲ್ಲಿ ಪ್ರೀಚೆಕ್ ಸಾಲೂ ಉದ್ದವಾಗಬಹುದು. ಯಾವಾಗ ಬೇಕಾದರೂ ಸದಸ್ಯನನ್ನು ಪೂರ್ಣ ತಪಾಸಣೆಗೆ ಕಳುಹಿಸುವ ಅಧಿಕಾರವನ್ನೂ ಟಿಎಸ್‌ಎ ಉಳಿಸಿಕೊಂಡಿದೆ.

ಇಲ್ಲಿ ಗಮನಿಸಬೇಕಾದ ಬೆಳವಣಿಗೆಯೊಂದಿದೆ. 2025ರ ಜುಲೈ 8ರಂದು ಅಮೆರಿಕ ಸರ್ಕಾರ ಎಲ್ಲ ಪ್ರಯಾಣಿಕರಿಗೂ ಬೂಟು ಕಳಚುವ ಕಡ್ಡಾಯವನ್ನು ಕೈಬಿಟ್ಟಿತು. ಅಲ್ಲಿಯವರೆಗೆ ಬೂಟು ಕಳಚದೆ ಹೋಗುವ ಅನುಕೂಲವೇ ಪ್ರೀಚೆಕ್‌ನ ಮುಖ್ಯ ಆಕರ್ಷಣೆಯಾಗಿತ್ತು. ಚೀಲದೊಳಗಿನ ವಸ್ತುವನ್ನು ಎಲ್ಲ ಕೋನಗಳಿಂದ ತೋರಿಸುವ ಹೊಸ ಸ್ಕ್ಯಾನರ್‌ಗಳಿರುವೆಡೆ ಸಾಮಾನ್ಯ ಸಾಲಿನಲ್ಲೂ ಲ್ಯಾಪ್‌ಟಾಪ್ ಹೊರತೆಗೆಯುವ ಅಗತ್ಯ ಬೀಳುವುದಿಲ್ಲ. ಅಂದರೆ ಎರಡು ಸಾಲುಗಳ ನಡುವಿನ ಅಂತರ ಮೊದಲಿನಷ್ಟು ಉಳಿದಿಲ್ಲ. ಮತ್ತೊಂದೆಡೆ ಪ್ರೀಚೆಕ್ ಸದಸ್ಯರ ಸಂಖ್ಯೆ 2024ರಲ್ಲಿ ಎರಡು ಕೋಟಿ ಮುಟ್ಟಿತು.

ಗ್ಲೋಬಲ್ ಎಂಟ್ರಿ: ಭಾರತೀಯರಿಗೆ ಇರುವ ಬಾಗಿಲು

ಪ್ರೀಚೆಕ್‌ಗೆ ನೇರವಾಗಿ ಅರ್ಜಿ ಹಾಕುವ ಹಕ್ಕು ಅಮೆರಿಕದ ನಾಗರಿಕರು, ರಾಷ್ಟ್ರೀಯರು ಹಾಗೂ ಗ್ರೀನ್ ಕಾರ್ಡ್ ಹೊಂದಿದ ಕಾಯಂ ನಿವಾಸಿಗಳಿಗೆ ಮಾತ್ರ. ಎಚ್-1ಬಿ ವೀಸಾದಲ್ಲಿ ಹತ್ತು ವರ್ಷದಿಂದ ಅಲ್ಲೇ ದುಡಿಯುತ್ತಿರುವ ಎಂಜಿನಿಯರ್‌ಗೂ ಈ ಬಾಗಿಲು ಮುಚ್ಚಿದೆ. ಗ್ರೀನ್ ಕಾರ್ಡ್‌ಗಾಗಿ ವರ್ಷಗಟ್ಟಲೆ ಕಾಯುತ್ತಿರುವ ಭಾರತೀಯರ ದೊಡ್ಡ ವರ್ಗ ಈ ಗುಂಪಿಗೇ ಸೇರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಪಕ್ಕದ ಬಾಗಿಲೊಂದು ತೆರೆದಿದೆ. ಅಮೆರಿಕದ ಸುಂಕ ಮತ್ತು ಗಡಿ ರಕ್ಷಣಾ ಇಲಾಖೆ 2008ರಲ್ಲಿ ಆರಂಭಿಸಿದ ಗ್ಲೋಬಲ್ ಎಂಟ್ರಿ ಯೋಜನೆಗೆ 2017ರ ಜುಲೈನಿಂದ ಭಾರತೀಯ ನಾಗರಿಕರೂ ಅರ್ಹರು. ಆಗ ವಾಷಿಂಗ್ಟನ್‌ನಲ್ಲಿ ಭಾರತದ ರಾಯಭಾರಿಯಾಗಿದ್ದ ನವತೇಜ್ ಸರ್ನಾ ಮೊದಲ ಭಾರತೀಯ ಸದಸ್ಯರಾದರು. ವಿದೇಶದಿಂದ ಅಮೆರಿಕಕ್ಕೆ ಬಂದಿಳಿದಾಗ ವಲಸೆ ವಿಭಾಗದ ದೀರ್ಘ ಸಾಲನ್ನು ಬಿಟ್ಟು, ಯಂತ್ರದ ಮುಂದೆ ಮುಖ ತೋರಿಸಿ ಬೇಗ ಹೊರಬರುವ ಅವಕಾಶ ಇದರದ್ದು. ಇದರ ಸದಸ್ಯತ್ವದೊಂದಿಗೆ ಪ್ರೀಚೆಕ್ ಸೌಲಭ್ಯವೂ ತಾನಾಗಿಯೇ ಸೇರಿಬರುತ್ತದೆ.

ಶುಲ್ಕ 100 ಡಾಲರ್ ಇದ್ದದ್ದು 2024ರ ಅಕ್ಟೋಬರ್ 1ರಿಂದ 120 ಡಾಲರ್‌ಗೆ ಏರಿತು. ಅವಧಿ ಐದು ವರ್ಷ. ತಂದೆ ಅಥವಾ ತಾಯಿ ಸದಸ್ಯರಾಗಿದ್ದರೆ ಇಲ್ಲವೇ ಜತೆಗೇ ಅರ್ಜಿ ಹಾಕುತ್ತಿದ್ದರೆ 18 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಆದರೆ ಪ್ರತಿ ಮಗುವಿಗೂ ಪ್ರತ್ಯೇಕ ಸದಸ್ಯತ್ವ ಇರಲೇಬೇಕು. ಕೈಗೂಸಾದರೂ ಈ ನಿಯಮಕ್ಕೆ ವಿನಾಯಿತಿಯಿಲ್ಲ. ಅರ್ಜಿ ತಿರಸ್ಕೃತವಾದರೆ ಕಟ್ಟಿದ ಹಣ ವಾಪಸ್ ಬರುವುದಿಲ್ಲ.

ಭಾರತೀಯ ಅರ್ಜಿದಾರರು ಒಂದು ಹೆಚ್ಚುವರಿ ಹಂತ ದಾಟಬೇಕು. ಅಮೆರಿಕದ ಇಲಾಖೆಯ ತಾಣದಲ್ಲಿ ಅರ್ಜಿ ಸಲ್ಲಿಸುವುದರ ಜತೆಗೆ, ಪಾಸ್‌ಪೋರ್ಟ್ ಸೇವಾ ವ್ಯವಸ್ಥೆಯ ಮೂಲಕ ಭಾರತ ಸರ್ಕಾರದ ಹಿನ್ನೆಲೆ ಪರಿಶೀಲನೆಯೂ ಮುಗಿಯಬೇಕು. ಎರಡೂ ಕಡೆ ಒಪ್ಪಿಗೆ ದೊರೆತ ಮೇಲೆ ಸಂದರ್ಶನ. ನೋಂದಣಿ ಕೇಂದ್ರದಲ್ಲಿ ದಿನಾಂಕ ಸಿಗುವುದು ತಡವಾದರೆ, ಷರತ್ತುಬದ್ಧ ಅನುಮೋದನೆ ಪಡೆದವರು ವಿದೇಶದಿಂದ ಮರಳಿ ಅಮೆರಿಕದಲ್ಲಿ ಇಳಿದ ದಿನವೇ ನಿಗದಿತ ನಿಲ್ದಾಣಗಳಲ್ಲಿ ಸಂದರ್ಶನ ಮುಗಿಸಿಕೊಳ್ಳಬಹುದು. ಊರಿಗೆ ಬಂದುಹೋಗುವವರಿಗೆ ಇದು ಹೆಚ್ಚು ಸುಲಭದ ದಾರಿ.

ಅಬುಧಾಬಿ ಮಾರ್ಗವಾಗಿ ಹೋಗುವವರಿಗೆ ಇನ್ನೊಂದು ಅನುಕೂಲವಿದೆ. ಅಲ್ಲಿನ ನಿಲ್ದಾಣದಲ್ಲೇ ಅಮೆರಿಕದ ವಲಸೆ ತಪಾಸಣೆ ಮುಗಿಸುವ ವ್ಯವಸ್ಥೆ 2014ರಿಂದ ಇದ್ದು, ಗ್ಲೋಬಲ್ ಎಂಟ್ರಿಯನ್ನು ಅಲ್ಲಿಯೇ ಬಳಸಬಹುದು. ದುಬೈ, ಫ್ರಾಂಕ್‌ಫರ್ಟ್ ಅಥವಾ ಬೆಂಗಳೂರಿನ ಭದ್ರತಾ ಸಾಲಿನಲ್ಲಿ ಮಾತ್ರ ಈ ಯಾವ ಸದಸ್ಯತ್ವವೂ ನಡೆಯುವುದಿಲ್ಲ.

ಕ್ಲಿಯರ್: ಸ್ಥಾನ ಮಾರುವ ಸಂಸ್ಥೆ

ಮೂರನೆಯ ಸಾಲು ಖಾಸಗಿಯವರದು. ಪತ್ರಕರ್ತ ಹಾಗೂ ಉದ್ಯಮಿ ಸ್ಟೀವನ್ ಬ್ರಿಲ್ ಸ್ಥಾಪಿಸಿದ ಸಂಸ್ಥೆ 2005ರಲ್ಲಿ ಒರ್ಲಾಂಡೊ ನಿಲ್ದಾಣದಲ್ಲಿ 'ಕ್ಲಿಯರ್' ಹೆಸರಿನ ಸೇವೆ ಆರಂಭಿಸಿತು. 2009ರ ಜೂನ್‌ನಲ್ಲಿ ಅದು ಇದ್ದಕ್ಕಿದ್ದಂತೆ ಬಾಗಿಲು ಮುಚ್ಚಿತು. ಆ ಹೊತ್ತಿಗೆ ವಾರ್ಷಿಕ ಶುಲ್ಕ 199 ಡಾಲರ್ ಇತ್ತು. ಮುಂಗಡ ಕಟ್ಟಿದ್ದ ಸದಸ್ಯರಿಗೆ ಹಣ ಮರಳಿಸುವ ಸ್ಥಿತಿಯಲ್ಲಿ ತಾನಿಲ್ಲ ಎಂದು ಸಂಸ್ಥೆ ಕೈಚೆಲ್ಲಿತು. 2010ರಲ್ಲಿ ಕ್ಯಾರಿನ್ ಸೀಡ್‌ಮನ್ ಬೆಕರ್ ಹಾಗೂ ಕೆನ್ ಕಾರ್ನಿಕ್ ಅದರ ಆಸ್ತಿಯನ್ನು ಖರೀದಿಸಿ ಮರುಜೀವ ನೀಡಿದರು. 2021ರಲ್ಲಿ ಹೊಸ ಸಂಸ್ಥೆ ನ್ಯೂಯಾರ್ಕ್ ಷೇರುಪೇಟೆಗೂ ಬಂತು.

ಕ್ಲಿಯರ್ ಪ್ಲಸ್ ಸದಸ್ಯ ತನ್ನ ಮುಖ ಅಥವಾ ಕಣ್ಣಿನ ಪಾಪೆಯನ್ನು ಯಂತ್ರಕ್ಕೆ ತೋರಿಸಿದರೆ ಗುರುತಿನ ಪರಿಶೀಲನೆ ಮುಗಿಯುತ್ತದೆ. ಬಳಿಕ ಸಂಸ್ಥೆಯ ನೌಕರ ಅವನನ್ನು ಸಾಲಿನ ಮುಂಭಾಗಕ್ಕೆ ಒಯ್ಯುತ್ತಾನೆ. ಅಲ್ಲಿಗೆ ಈ ಸೇವೆ ಮುಗಿಯಿತು. ಚೀಲ ಮತ್ತು ಮೈ ತಪಾಸಣೆ ಎಂದಿನಂತೆ ಟಿಎಸ್‌ಎಯದ್ದೇ. ಪ್ರೀಚೆಕ್ ಇಲ್ಲದ ಕ್ಲಿಯರ್ ಸದಸ್ಯ ಎಲ್ಲರಿಗಿಂತ ಮುಂದೆ ಹೋಗಿ, ಎಲ್ಲರಂತೆ ಲ್ಯಾಪ್‌ಟಾಪ್ ಹೊರತೆಗೆದು ಬೆಲ್ಟ್ ಬಿಚ್ಚಬೇಕು. ಈ ವ್ಯತ್ಯಾಸ ಅನೇಕರಿಗೆ ಹಣ ಕಟ್ಟಿದ ಮೇಲಷ್ಟೇ ಅರಿವಾಗುತ್ತದೆ.

ವಾರ್ಷಿಕ ಶುಲ್ಕ 2025ರಲ್ಲಿ 209 ಡಾಲರ್‌ಗೆ ಏರಿತು. ಇದು ಐದು ವರ್ಷದ್ದಲ್ಲ, ಒಂದೇ ವರ್ಷದ್ದು. ಕೆಲವು ವಿಮಾನಯಾನ ಸಂಸ್ಥೆಗಳ ನಿಷ್ಠಾವಂತ ಗ್ರಾಹಕರಿಗೆ ರಿಯಾಯಿತಿ ಉಂಟು. ಸದಸ್ಯನ ಜತೆಯಲ್ಲಿ 18 ವರ್ಷದೊಳಗಿನ ಮಕ್ಕಳು ಉಚಿತವಾಗಿ ಹೋಗಬಹುದು. ಸೇವೆ ಲಭ್ಯವಿರುವ ನಿಲ್ದಾಣಗಳು ಪ್ರೀಚೆಕ್‌ಗಿಂತ ಬಹಳ ಕಡಿಮೆ, ಸುಮಾರು 60.

ಲೆಕ್ಕ ಏನು ಹೇಳುತ್ತದೆ?

ವರ್ಷಕ್ಕೆ ಎರಡು ಬಾರಿ ಮಾತ್ರ ಅಮೆರಿಕದೊಳಗೆ ಹೋಗಿಬರುವ ಒಬ್ಬ ನಿವಾಸಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ಪ್ರಯಾಣಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಎಂದು ವರ್ಷಕ್ಕೆ ನಾಲ್ಕು ತಪಾಸಣೆ, ಐದು ವರ್ಷಕ್ಕೆ 20. ಪ್ರೀಚೆಕ್‌ನ 80 ಡಾಲರನ್ನು ಇದಕ್ಕೆ ಹಂಚಿದರೆ ಒಂದು ತಪಾಸಣೆಗೆ ನಾಲ್ಕು ಡಾಲರ್. ನಿಲ್ದಾಣದಲ್ಲಿ ಸಿಗುವ ಒಂದು ಲೋಟ ಕಾಫಿಯ ಬೆಲೆಗೆ ಹತ್ತಿರದ ಮೊತ್ತವಿದು.

ಅದೇ ವ್ಯಕ್ತಿ ಕ್ಲಿಯರ್ ಪ್ಲಸ್ ಪಡೆದರೆ 209 ಡಾಲರನ್ನು ನಾಲ್ಕು ತಪಾಸಣೆಗೆ ಹಂಚಬೇಕು. ಒಂದಕ್ಕೆ 52 ಡಾಲರ್‌ಗೂ ಹೆಚ್ಚು! ಕೆಲವು ಮಾರ್ಗಗಳಲ್ಲಿ ಅಗ್ಗದ ವಿಮಾನ ಟಿಕೆಟ್ಟೇ ಆ ದರಕ್ಕೆ ದೊರೆಯುತ್ತದೆ. ಕ್ಲಿಯರ್‌ನ ವೆಚ್ಚ ಪ್ರೀಚೆಕ್‌ನ ಮಟ್ಟಕ್ಕೆ, ಅಂದರೆ ತಪಾಸಣೆಗೆ ನಾಲ್ಕು ಡಾಲರ್ ಆಸುಪಾಸಿಗೆ ಇಳಿಯಬೇಕಾದರೆ ತಿಂಗಳಿಗೆ ಎರಡು ಬಾರಿಯಾದರೂ ಹೋಗಿಬರಬೇಕು. ಐದು ವರ್ಷ ಮುಂದುವರಿಸಿದರೆ ಇದೇ ದರದಲ್ಲಿ ಒಟ್ಟು ವೆಚ್ಚ 1,045 ಡಾಲರ್ ಆಗುತ್ತದೆ.

ವರ್ಷಕ್ಕೊಮ್ಮೆ ಊರಿಗೆ ಬಂದುಹೋಗುವವರ ಲೆಕ್ಕ ಬೇರೆ. ಗ್ಲೋಬಲ್ ಎಂಟ್ರಿಯ 120 ಡಾಲರ್ ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 24. ಹೋಗುವಾಗ ಭದ್ರತಾ ಸಾಲಿನಲ್ಲಿ ಒಮ್ಮೆ, ಬಂದಿಳಿದಾಗ ವಲಸೆ ಸಾಲಿನಲ್ಲಿ ಒಮ್ಮೆ ಎಂದು ಎಣಿಸಿದರೂ ಒಂದಕ್ಕೆ 12 ಡಾಲರ್. ಇಲ್ಲಿ ಉಳಿಯುವುದು ಬರೀ ನಿಮಿಷಗಳಲ್ಲ. ವಿದೇಶದಿಂದ ಬಂದವರು ಅಮೆರಿಕದ ಮೊದಲ ನಿಲ್ದಾಣದಲ್ಲೇ ವಲಸೆ ತಪಾಸಣೆ ಮುಗಿಸಿ, ಪೆಟ್ಟಿಗೆಗಳನ್ನು ಪಡೆದು ಮತ್ತೆ ಒಪ್ಪಿಸಿ, ಪುನಃ ಭದ್ರತಾ ತಪಾಸಣೆ ದಾಟಿ ಸಂಪರ್ಕ ವಿಮಾನ ಹಿಡಿಯಬೇಕು. ಎರಡು ಗಂಟೆಯ ಅಂತರದಲ್ಲಿ ಇಷ್ಟೂ ಆಗಬೇಕಾದಾಗ ಸದಸ್ಯತ್ವ ವಿಮಾನವನ್ನೇ ಉಳಿಸಿಕೊಡಬಹುದು. ಡಲ್ಲಾಸ್‌ನಲ್ಲಿ ಇಳಿದು ಆಸ್ಟಿನ್‌ಗೆ, ಷಿಕಾಗೊದಲ್ಲಿ ಇಳಿದು ಸಣ್ಣ ಊರುಗಳಿಗೆ ಹೋಗುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಇನ್ನು ಹಲವು ಕ್ರೆಡಿಟ್ ಕಾರ್ಡ್‌ಗಳು ಪ್ರೀಚೆಕ್ ಅಥವಾ ಗ್ಲೋಬಲ್ ಎಂಟ್ರಿ ಶುಲ್ಕವನ್ನು ಮರುಪಾವತಿಸುತ್ತವೆ. ಕೆಲವು ದುಬಾರಿ ಕಾರ್ಡ್‌ಗಳು ಕ್ಲಿಯರ್ ಶುಲ್ಕವನ್ನೂ ಭರಿಸುತ್ತವೆ. ಈ ಸೌಲಭ್ಯವಿರುವ ಕಾರ್ಡ್ ಈಗಾಗಲೇ ಕೈಯಲ್ಲಿದ್ದರೆ ಯೋಚಿಸುವ ಅಗತ್ಯವೇ ಇಲ್ಲ. ಆದರೆ ಇದೊಂದೇ ಕಾರಣಕ್ಕೆ ನೂರಾರು ಡಾಲರ್ ವಾರ್ಷಿಕ ಶುಲ್ಕದ ಕಾರ್ಡ್ ಪಡೆಯುವುದು ಜಾಣತನವಲ್ಲ.

ಹೆಸರಿನ ತೊಡಕು

ದಕ್ಷಿಣ ಭಾರತೀಯರನ್ನು ವಿಶೇಷವಾಗಿ ಕಾಡುವ ಸಮಸ್ಯೆ ಇದು. ಟಿಕೆಟ್‌ನಲ್ಲಿರುವ ಹೆಸರು ಸದಸ್ಯತ್ವದಲ್ಲಿರುವ ಹೆಸರಿಗೆ ಹೊಂದದಿದ್ದರೆ ಬೋರ್ಡಿಂಗ್ ಪಾಸ್ ಮೇಲೆ ಪ್ರೀಚೆಕ್ ಮುದ್ರೆ ಬೀಳದೇ ಹೋಗಬಹುದು. ಊರು ಹಾಗೂ ತಂದೆಯ ಹೆಸರಿನ ಇನಿಷಿಯಲ್ ಮುಂದಿಟ್ಟುಕೊಂಡು ಬೆಳೆದ ಕನ್ನಡಿಗರ ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಜಾಗ ಖಾಲಿ ಇರುವುದುಂಟು. ಅಂಥವರ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಕುಲನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂಬ ಮೂರಕ್ಷರ ಕೂರುತ್ತದೆ. 'ಮೊದಲ ಹೆಸರು ಗೊತ್ತಿಲ್ಲ' ಎಂಬುದು ಇದರ ಅರ್ಥ. ಅರ್ಜಿಯಲ್ಲಿ ಒಂದು ರೀತಿ, ಟಿಕೆಟ್‌ನಲ್ಲಿ ಇನ್ನೊಂದು ರೀತಿ ಹೆಸರು ಬರೆದರೆ ಹಣ ಕಟ್ಟಿಯೂ ಸೌಲಭ್ಯ ಕೈತಪ್ಪುತ್ತದೆ. ಅರ್ಜಿ ಹಾಕುವ ಮುನ್ನವೇ ಪಾಸ್‌ಪೋರ್ಟ್, ವೀಸಾ ಹಾಗೂ ವಿಮಾನಯಾನ ಸಂಸ್ಥೆಯ ಖಾತೆಯಲ್ಲಿನ ಹೆಸರುಗಳನ್ನು ಒಂದೇ ರೀತಿ ಮಾಡಿಕೊಳ್ಳುವುದು ಕ್ಷೇಮ. ಪಾಸ್‌ಪೋರ್ಟ್ ನವೀಕರಿಸಿದಾಗ, ಪೌರತ್ವ ಬದಲಾದಾಗ ಗ್ಲೋಬಲ್ ಎಂಟ್ರಿ ಖಾತೆಯಲ್ಲೂ ತಿದ್ದುಪಡಿ ಮಾಡಿಸಬೇಕು.

ಅಪ್ಪ-ಅಮ್ಮ ಜತೆಗಿದ್ದರೆ?

ಪ್ರೀಚೆಕ್ ಸದಸ್ಯನೊಂದಿಗೆ 12 ವರ್ಷ ಹಾಗೂ ಅದಕ್ಕಿಂತ ಕಿರಿಯ ಮಕ್ಕಳು ಅದೇ ಸಾಲಿನಲ್ಲಿ ಹೋಗಬಹುದು. 13ರಿಂದ 17 ವರ್ಷದವರು ಒಂದೇ ಟಿಕೆಟ್ ಕಾಯ್ದಿರಿಸುವಿಕೆಯಲ್ಲಿದ್ದು, ಅವರ ಬೋರ್ಡಿಂಗ್ ಪಾಸ್ ಮೇಲೂ ಮುದ್ರೆ ಇದ್ದರೆ ಜತೆಗೂಡಬಹುದು. ಆದರೆ ಸಂದರ್ಶಕ ವೀಸಾದಲ್ಲಿ ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದ ವೃದ್ಧ ತಂದೆ-ತಾಯಿಗೆ ಈ ರಿಯಾಯಿತಿ ಇಲ್ಲ. ಮಗ, ಸೊಸೆ, ಮೊಮ್ಮಕ್ಕಳು ಒಂದು ಸಾಲಿನಲ್ಲಿ, ಭಾಷೆ ಅಷ್ಟಾಗಿ ಬಾರದ ಹಿರಿಯರು ಇನ್ನೊಂದು ಸಾಲಿನಲ್ಲಿ ಎಂಬ ಪರಿಸ್ಥಿತಿ ಉಂಟಾಗುತ್ತದೆ. ಆಗ ಬಹುತೇಕರು ಮಾಡುವುದು ಒಂದೇ. ಹಣ ಕೊಟ್ಟು ಪಡೆದ ಸೌಲಭ್ಯವನ್ನು ಬದಿಗಿಟ್ಟು ಅಪ್ಪ-ಅಮ್ಮನ ಜತೆ ಸಾಮಾನ್ಯ ಸಾಲಿನಲ್ಲಿ ನಿಲ್ಲುವುದು.

ಹಿರಿಯರಿಗೆ ಉಪಯುಕ್ತವಾದ ಉಚಿತ ಸೌಲಭ್ಯಗಳು ಬೇರೆ ಇವೆ. ನಡೆಯಲು ಕಷ್ಟವಿರುವವರಿಗೆ ವಿಮಾನಯಾನ ಸಂಸ್ಥೆಗಳು ಗಾಲಿಕುರ್ಚಿ ನೆರವನ್ನು ಶುಲ್ಕವಿಲ್ಲದೆ ಒದಗಿಸಬೇಕು. ಟಿಕೆಟ್ ಕಾಯ್ದಿರಿಸುವಾಗಲೇ ಇದನ್ನು ಕೇಳಿಕೊಳ್ಳಬಹುದು. 75 ವರ್ಷ ದಾಟಿದವರು ಸಾಮಾನ್ಯ ಸಾಲಿನಲ್ಲೂ ಹಗುರ ಜಾಕೆಟ್ ತೆಗೆಯಬೇಕಿಲ್ಲ. ವೈದ್ಯಕೀಯ ಕಾರಣಕ್ಕೆ ವಿಶೇಷ ನೆರವು ಬೇಕಾದವರು 72 ಗಂಟೆ ಮುಂಚಿತವಾಗಿ 'ಟಿಎಸ್‌ಎ ಕೇರ್ಸ್' ವಿಭಾಗವನ್ನು ಸಂಪರ್ಕಿಸಬಹುದು.

ಕರಿಬೇವು ತಂದರೆ ಸದಸ್ಯತ್ವಕ್ಕೆ ಕುತ್ತು

ಗ್ಲೋಬಲ್ ಎಂಟ್ರಿ ಸದಸ್ಯರು ಸುಂಕದ ನಿಯಮಗಳನ್ನು ಉಳಿದವರಿಗಿಂತ ಹೆಚ್ಚು ಕಟ್ಟುನಿಟ್ಟಾಗಿ ಪಾಲಿಸಬೇಕು. ಊರಿನಿಂದ ಹೊರಡುವಾಗ ಅಮ್ಮ ಪ್ರೀತಿಯಿಂದ ಚೀಲಕ್ಕೆ ತುರುಕಿದ ಹಸಿ ಕರಿಬೇವು, ಹಣ್ಣು, ತರಕಾರಿ ಬೀಜ ಮುಂತಾದವನ್ನು ಘೋಷಿಸದೆ ಒಯ್ದು ಸಿಕ್ಕಿಬಿದ್ದರೆ ದಂಡ ಮಾತ್ರವಲ್ಲ, ಸದಸ್ಯತ್ವವೇ ರದ್ದಾಗಬಹುದು. ರದ್ದಾದರೆ ಅದರೊಂದಿಗೆ ಬಂದ ಪ್ರೀಚೆಕ್ ಸೌಲಭ್ಯವೂ ಹೋಗುತ್ತದೆ. ತಿನಿಸು ಏನೇ ಇರಲಿ, ಕೇಳಿದಾಗ ಇದೆ ಎಂದು ಹೇಳಿಬಿಡುವುದೇ ಉತ್ತಮ. ಘೋಷಿಸಿದ ವಸ್ತುವನ್ನು ಅಧಿಕಾರಿಗಳು ಕಸಿದುಕೊಳ್ಳಬಹುದೇ ಹೊರತು ಮುಚ್ಚಿಟ್ಟ ಆರೋಪ ಬರುವುದಿಲ್ಲ.

ಹಣದಾಚೆಯ ಪ್ರಶ್ನೆಗಳು

ಸದಸ್ಯತ್ವದ ಬೆಲೆ ಬರೀ ಡಾಲರ್‌ಗಳಲ್ಲಿ ಇಲ್ಲ. ಬೆರಳಚ್ಚು, ಮುಖ, ಕಣ್ಣಿನ ಪಾಪೆಯ ವಿವರವನ್ನೂ ಒಪ್ಪಿಸಬೇಕು. ಗುಪ್ತಪದ ಸೋರಿಕೆಯಾದರೆ ಬದಲಿಸಬಹುದು, ಬೆರಳಚ್ಚನ್ನು ಬದಲಿಸಲಾಗದು. 2008ರಲ್ಲಿ ಹಳೆಯ ಕ್ಲಿಯರ್ ಸಂಸ್ಥೆಯ ಲ್ಯಾಪ್‌ಟಾಪ್ ಒಂದು ಸಾನ್‌ಫ್ರಾನ್ಸಿಸ್ಕೊ ನಿಲ್ದಾಣದಲ್ಲಿ ಕಾಣೆಯಾಗಿತ್ತು. ಸುಮಾರು 33 ಸಾವಿರ ಅರ್ಜಿದಾರರ ವಿವರ ಅದರಲ್ಲಿತ್ತು. ಕೆಲ ದಿನಗಳ ನಂತರ ಅದು ಸಿಕ್ಕಿತಾದರೂ, ಇಂಥ ಮಾಹಿತಿ ಎಷ್ಟು ಸುಲಭವಾಗಿ ಕೈಜಾರಬಹುದು ಎಂಬುದನ್ನು ಆ ಘಟನೆ ತೋರಿಸಿಕೊಟ್ಟಿತು.

ಎರಡನೆಯದು ನ್ಯಾಯದ ಪ್ರಶ್ನೆ. ಪ್ರೀಚೆಕ್ ವಿಷಯದಲ್ಲಿ ಸರ್ಕಾರಕ್ಕೆ ಒಂದು ಸಮರ್ಥನೆ ಇದೆ. ಹಿನ್ನೆಲೆ ಪರಿಶೀಲಿಸಿದವರನ್ನು ಬೇಗ ಕಳುಹಿಸಿದರೆ ಉಳಿದವರ ಸಾಲೂ ಕರಗುತ್ತದೆ. ಖಾಸಗಿ ಸಂಸ್ಥೆ ಸಾಲಿನ ಮುಂದಿನ ಸ್ಥಾನವನ್ನು ಮಾರಿದಾಗ ಈ ಸಮರ್ಥನೆ ನಿಲ್ಲುವುದಿಲ್ಲ. ಒಬ್ಬ ಮುಂದೆ ಹೋದರೆ ಅವನ ಹಿಂದಿನವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದಂತೆಯೇ. 2024ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆಯಲ್ಲಿ ಸೆನೆಟರ್ ಜಾಶ್ ನ್ಯೂಮನ್ ಇದೇ ವಾದದ ಮೇಲೆ ಮಸೂದೆಯೊಂದನ್ನು ತಂದರು. ಇಂಥ ಸಂಸ್ಥೆಗಳ ಸದಸ್ಯರಿಗೆ ಪ್ರತ್ಯೇಕ ತಪಾಸಣಾ ಸಾಲು ಇರಬೇಕು, ಸಾರ್ವಜನಿಕರ ಸಾಲಿನೊಳಗೆ ನುಗ್ಗಿಸಬಾರದು ಎಂಬುದು ಅದರ ತಿರುಳಾಗಿತ್ತು. ವಿಮಾನಯಾನ ಸಂಸ್ಥೆಗಳ ವಿರೋಧದ ನಡುವೆ ಮಸೂದೆ ಬಿದ್ದುಹೋಯಿತು. ಆದರೆ ಪ್ರಶ್ನೆ ಉಳಿದುಕೊಂಡಿದೆ.

ನಮ್ಮಲ್ಲಿ ಏನಿದೆ?

ಭಾರತದಲ್ಲಿ ನಿಲ್ದಾಣಗಳ ಭದ್ರತಾ ನಿಯಮಗಳನ್ನು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ರೂಪಿಸುತ್ತದೆ. ಪ್ರಮುಖ ನಿಲ್ದಾಣಗಳಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆ ತಪಾಸಣೆ ನಡೆಸುತ್ತದೆ. ಹಣ ಕಟ್ಟಿ ಹಗುರ ತಪಾಸಣೆ ಪಡೆಯುವ ಅಮೆರಿಕದಂಥ ಸದಸ್ಯತ್ವ ಇಲ್ಲಿಲ್ಲ. ಇರುವ ಎರಡು ಯೋಜನೆಗಳೂ ಉಚಿತ.

ಮೊದಲನೆಯದು ಡಿಜಿ ಯಾತ್ರಾ. 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು ಹಾಗೂ ವಾರಾಣಸಿಯಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ದೇಶದೊಳಗಿನ ಪ್ರಯಾಣಿಕರು ಮುಖವನ್ನೇ ಗುರುತಿನ ಚೀಟಿಯಾಗಿ ಬಳಸಿ ನಿಲ್ದಾಣದ ದ್ವಾರ ದಾಟಬಹುದು. ಚೀಲ ಹಾಗೂ ಮೈ ತಪಾಸಣೆಗೆ ಇದರಿಂದ ವಿನಾಯಿತಿಯಿಲ್ಲ. ಇದು ಕಡ್ಡಾಯವೂ ಅಲ್ಲ.

ಎರಡನೆಯದು ಕೇಂದ್ರ ಗೃಹ ಸಚಿವಾಲಯದ ವಿಶ್ವಾಸಾರ್ಹ ಪ್ರಯಾಣಿಕರ ಶೀಘ್ರ ವಲಸೆ ಯೋಜನೆ. 2024ರ ಜೂನ್ 22ರಂದು ದೆಹಲಿಯಲ್ಲಿ ಆರಂಭವಾಗಿ, 2025ರ ಜನವರಿಯಲ್ಲಿ ಬೆಂಗಳೂರು ಸೇರಿ ಇನ್ನೂ ಏಳು ನಿಲ್ದಾಣಗಳಿಗೆ ವಿಸ್ತರಿಸಿತು. ಭಾರತೀಯ ಪಾಸ್‌ಪೋರ್ಟ್ ಉಳ್ಳವರಷ್ಟೇ ಅಲ್ಲದೆ ಸಾಗರೋತ್ತರ ಭಾರತೀಯ ಪೌರತ್ವದ ಓಸಿಐ ಕಾರ್ಡ್ ಹೊಂದಿದವರೂ ನೋಂದಾಯಿಸಿಕೊಳ್ಳಬಹುದು. ಅವಧಿ ಐದು ವರ್ಷ ಅಥವಾ ಪಾಸ್‌ಪೋರ್ಟ್ ಮುಗಿಯುವವರೆಗೆ, ಯಾವುದು ಮೊದಲೋ ಅದು. ಅಮೆರಿಕದ ಗ್ಲೋಬಲ್ ಎಂಟ್ರಿಗೆ 120 ಡಾಲರ್ ಕಟ್ಟಿದವರು ಕೆಂಪೇಗೌಡ ನಿಲ್ದಾಣದ ಇದೇ ಬಗೆಯ ಉಚಿತ ಸೌಲಭ್ಯವನ್ನು ಮರೆಯಬಾರದು.

ಯಾರಿಗೆ ಯಾವುದು ಸೂಕ್ತ?

* ವರ್ಷಕ್ಕೆ ಒಂದಕ್ಕಿಂತ ಕಡಿಮೆ ಪ್ರಯಾಣ: ಯಾವುದೂ ಬೇಡ. ಅರ್ಧ ಗಂಟೆ ಮುಂಚೆ ಮನೆ ಬಿಡುವುದೇ ಅಗ್ಗದ ಪರಿಹಾರ.

* ಗ್ರೀನ್ ಕಾರ್ಡ್ ಅಥವಾ ಅಮೆರಿಕದ ಪೌರತ್ವ ಇದ್ದು, ದೇಶದೊಳಗೆ ಮಾತ್ರ ಪ್ರಯಾಣ: ಪ್ರೀಚೆಕ್ ಸಾಕು.

* ವರ್ಷಕ್ಕೊಮ್ಮೆಯಾದರೂ ಭಾರತಕ್ಕೆ ಬಂದುಹೋಗುವವರು: ಗ್ಲೋಬಲ್ ಎಂಟ್ರಿ. ಸುಮಾರು 40 ಡಾಲರ್ ಹೆಚ್ಚುವರಿಯಲ್ಲಿ ಎರಡೂ ಸೌಲಭ್ಯ ದೊರೆಯುತ್ತವೆ.

* ಎಚ್-1ಬಿ ಮುಂತಾದ ವೀಸಾದಲ್ಲಿರುವ ಭಾರತೀಯರು: ಗ್ಲೋಬಲ್ ಎಂಟ್ರಿಯೇ ಪ್ರೀಚೆಕ್‌ಗೂ ದಾರಿ. ಅರ್ಜಿಗೆ ತಿಂಗಳುಗಳು ಹಿಡಿಯಬಹುದಾದ್ದರಿಂದ ಪ್ರಯಾಣದ ಹೊಸ್ತಿಲಲ್ಲಿ ಹಾಕಿ ಫಲವಿಲ್ಲ.

* ಮಕ್ಕಳನ್ನು ನೋಡಲು ಒಮ್ಮೆ ಹೋಗಿಬರುವ ಹಿರಿಯರು: ಸದಸ್ಯತ್ವಕ್ಕಿಂತ ಗಾಲಿಕುರ್ಚಿ ನೆರವು ಹೆಚ್ಚು ಉಪಯುಕ್ತ.

* ತಿಂಗಳಿಗೆ ಎರಡು ಬಾರಿಗಿಂತ ಹೆಚ್ಚು ಹಾರುವವರು: ಶುಲ್ಕವನ್ನು ಕಂಪನಿಯೋ ಕಾರ್ಡೋ ಭರಿಸುವುದಾದರೆ, ಜತೆಗೆ ಪ್ರೀಚೆಕ್ ಇದ್ದರೆ, ಕ್ಲಿಯರ್ ಬಗ್ಗೆ ಯೋಚಿಸಬಹುದು. ಸ್ವಂತ ಊರಿನ ನಿಲ್ದಾಣದಲ್ಲಿ ಆ ಸೇವೆ ಇದೆಯೇ ಎಂದು ಮೊದಲು ನೋಡಬೇಕು.

ಒಂದು ಎಚ್ಚರಿಕೆ ಎಲ್ಲರಿಗೂ ಅನ್ವಯಿಸುತ್ತದೆ. ಸರ್ಕಾರಿ ತಾಣವನ್ನೇ ಹೋಲುವ ನಕಲಿ ತಾಣಗಳು ಪ್ರೀಚೆಕ್ ಹೆಸರಿನಲ್ಲಿ ಹಣ ಹಾಗೂ ವೈಯಕ್ತಿಕ ವಿವರ ದೋಚುತ್ತಿವೆ ಎಂದು ಅಲ್ಲಿನ ಅಧಿಕಾರಿಗಳೇ ಎಚ್ಚರಿಸಿದ್ದಾರೆ. ಅರ್ಜಿಯನ್ನು 'ಡಾಟ್ ಜಿಒವಿ' ಎಂದು ಕೊನೆಗೊಳ್ಳುವ ಸರ್ಕಾರಿ ತಾಣದಿಂದಲೇ ಆರಂಭಿಸಬೇಕು. ಪ್ರೀಚೆಕ್ ಹೊಸ ಅರ್ಜಿಯ ಶುಲ್ಕವನ್ನು ನೋಂದಣಿ ಕೇಂದ್ರದಲ್ಲಿ ಖುದ್ದಾಗಿ ಕಟ್ಟುವುದೇ ರೂಢಿ. ಮೊದಲೇ ಹಣ ಕೇಳಿದರೆ ಅನುಮಾನಿಸಬೇಕು.

ಒಟ್ಟಾರೆ, ಸರ್ಕಾರದ ಎರಡು ಯೋಜನೆಗಳು ವರ್ಷಕ್ಕೆ ಎರಡು ಬಾರಿ ಹಾರುವವರಿಗೂ ಕೊಟ್ಟ ಹಣಕ್ಕೆ ಮೋಸವಿಲ್ಲದ ಯೋಜನೆಗಳು. ಖಾಸಗಿ ಸದಸ್ಯತ್ವ ಸೂಟ್‌ಕೇಸಿನಲ್ಲೇ ಬದುಕುವ ಕೆಲವರಿಗೆ ಮಾತ್ರ ಹೊಂದುವಂಥದು. ಬೂಟು ಕಳಚುವ ನಿಯಮ ಹೋಯಿತು, ಲ್ಯಾಪ್‌ಟಾಪ್ ಹೊರತೆಗೆಯುವುದೂ ಒಂದೊಂದೇ ನಿಲ್ದಾಣದಲ್ಲಿ ಹೋಗುತ್ತಿದೆ. ಹೀಗೆ ಸಾಮಾನ್ಯ ಸಾಲೇ ಸುಧಾರಿಸುತ್ತಾ ಹೋದರೆ ಹಣದ ಸಾಲಿಗೆ ಉಳಿಯುವ ಆಕರ್ಷಣೆ ಎಷ್ಟು ಎಂಬುದನ್ನು ಸದಸ್ಯತ್ವ ನವೀಕರಿಸುವ ಮುನ್ನ ಪ್ರತಿಯೊಬ್ಬರೂ ಹೊಸದಾಗಿ ಲೆಕ್ಕ ಹಾಕಿಕೊಳ್ಳುವುದು ಒಳಿತು.